ಸೀದ ಪಾಕ: ಮಂಡ್ಯದ ಒಂದು ಆಲೆಮನೆಯ ಪ್ರಕರಣ

ಆ ದಿನ ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಪಾಕ ಪೂರ್ತಿ ಸೀದುಹೋಯಿತು. ಕೊಪ್ಪರಿಗೆಯ ಮುಂದೆ ನಿಂತಿದ್ದವರು 20 ವರ್ಷದಿಂದ ಬೆಲ್ಲ ಮಾಡುತ್ತಿದ್ದ ಮನುಷ್ಯ. ಸೀದ ವಾಸನೆ ರಸ್ತೆಯವರೆಗೂ ಹೋಗಿತ್ತು. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳು ಕೆಲಸ ಬಿಟ್ಟು ಓಡಿ ಬಂದ. ಇವರು ಮಾತ್ರ ಕೊಪ್ಪರಿಗೆ ನೋಡುತ್ತಾ ಸುಮ್ನೆ ನಿಂತಿದ್ದರು. ಅವರ ಅಣ್ಣ ಬಂದು ಎಲ್ಲರ ಎದುರೇ ಕೆನ್ನೆಗೆ ಬಾರಿಸಿದರು. “ಕುಡ್ಕೊಂಡು ಬಂದಿದ್ದೀಯೇನ್ಲಾ?” ಅಂದರು.

ಅವರು ಕುಡಿದಿರಲಿಲ್ಲ. ಅವರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ. 11 ತಿಂಗಳ ಹಿಂದೆ ತಲೆಗೆ ಬಿದ್ದ ಪೆಟ್ಟಿನಲ್ಲಿ ಅದು ಹೋಗಿತ್ತು. ಮನೆಯಲ್ಲಿ ಯಾರಿಗೂ ಆ ವಿಷಯ ತಿಳಿದಿರಲಿಲ್ಲ. ಅವರಿಗೇ ಸರಿಯಾಗಿ ತಿಳಿದಿರಲಿಲ್ಲ.

ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಯಿಂದ ಮನೆಗೆ ಮರಳಿದವರ ಜೊತೆ, ಅವರ ಮನೆಯವರ ಜೊತೆ ಕೆಲಸ ಮಾಡುತ್ತೇನೆ. ಈ ಘಟನೆ ಆದ ಮಾರನೇ ವಾರ ಅವರ ಹೆಂಡತಿ ನನಗೆ ಫೋನ್ ಮಾಡಿದರು. ಮಂಡ್ಯ ತಾಲ್ಲೂಕಿನ ಹಳ್ಳಿ ಅದು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ, ಕಬ್ಬು ಇಲ್ಲವೇ ಭತ್ತ ಬೆಳೆಯುವ ಊರು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ನಾನು ಅವರನ್ನು ‘ಅಣ್ಣ’ ಎಂದೂ ಅವರ ಹೆಂಡತಿಯನ್ನು ‘ಅಕ್ಕ’ ಎಂದೂ ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಹೊಡೆದವರು ದೊಡ್ಡಣ್ಣ.

ಪೆಟ್ಟು ಬಿದ್ದ ಸಂಜೆ

ಅಣ್ಣನಿಗೆ ಆಗ 41 ವರ್ಷ. ಮಂಡ್ಯ ಪೇಟೆಗೆ ಬೆಲ್ಲದ ದುಡ್ಡು ತರಲು ಹೋಗಿದ್ದರು. ಬೈಕಿನಲ್ಲಿ ವಾಪಸ್ ಬರುವಾಗ ಕತ್ತಲಾಗಿತ್ತು. ರಸ್ತೆ ಪಕ್ಕ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಕಬ್ಬಿನ ಸೀಸನ್‌ನಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಇದು ಎಲ್ಲರೂ ಕಂಡಿರುವ ದೃಶ್ಯ. ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಹಾಕಿತ್ತು.

ಆಸ್ಪತ್ರೆಗೆ ತಂದಾಗ ಪ್ರಜ್ಞೆ ಇರಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಗ್ಲಾಸ್ಗೋ ಕೋಮಾ ಸ್ಕೇಲ್ 8 ಎಂದು ಬರೆದಿತ್ತು. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನೆಟ್, ಮಾಡಿದ ಅಳತೆ ಇದು. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ ಎಂದು ನೋಡಿ ಅಂಕ ಕೊಡುತ್ತಾರೆ. ಪೂರ್ತಿ ಎಚ್ಚರ ಇದ್ದರೆ 15. ಏನೂ ಇಲ್ಲದಿದ್ದರೆ 3. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಸ್ಕ್ಯಾನ್‌ನಲ್ಲಿ ಮಿದುಳಿನ ಮುಂಭಾಗದ ಎರಡೂ ಕಡೆ ಜಜ್ಜಿದ ಗಾಯ ಇತ್ತು. ಆಪರೇಷನ್ ಬೇಕಾಗಲಿಲ್ಲ. ಐಸಿಯುನಲ್ಲಿ 9 ದಿನ, ವಾರ್ಡಿನಲ್ಲಿ 2 ವಾರ. ಆ ದಿನಗಳಲ್ಲಿ ಒಂದೂ ಅಣ್ಣನ ನೆನಪಿನಲ್ಲಿಲ್ಲ.

ಮನೆಗೆ ಕಳಿಸುವಾಗ ಹೇಳಿದ್ದು ಮೂರು ಮಾತು. ಮಾತ್ರೆ ತಪ್ಪಿಸಬೇಡಿ, ಗಾಡಿ ಓಡಿಸಬೇಡಿ, ತಿಂಗಳು ಬಿಟ್ಟು ಬನ್ನಿ. ಸ್ವಭಾವ ಬದಲಾಗಬಹುದು ಅಂತ ಯಾರೂ ಹೇಳಲಿಲ್ಲ. ನಾನು ಕಂಡ ಬಹಳಷ್ಟು ಮನೆಗಳ ಕಥೆ ಇದೇ. ಜೀವ ಉಳಿಸಿದವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಆ ಇನ್ನೊಂದು ಮಾತು ಹೇಳಿದ್ದರೆ ಒಂದು ಏಟು ತಪ್ಪುತ್ತಿತ್ತು.

ಮನೆಯವರು ಕಂಡದ್ದು

ಮೊದಲ ಭೇಟಿಯಲ್ಲಿ ನಾನು ಜಾಸ್ತಿ ಮಾತಾಡಲಿಲ್ಲ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಕೇಳಿದೆ.

ಅಣ್ಣನ ತಾಯಿ ಹೇಳಿದ್ದು: “ನನ್ನ ಮಗ ಹಿಂಗಿರಲಿಲ್ಲ ಕಣವ್ವ. ಬೆಳಗಾನ ಜಗಲಿ ಮೇಲೆ ಕೂತ್ಕತಾನೆ. ಸ್ನಾನ ಮಾಡ್ಲಾ ಅಂದ್ರೆ ಮಾಡ್ತೀನಿ ಅಂತಾನೆ. ಮಾಡಕಿಲ್ಲ. ಯಾರೋ ಏನೋ ಮಾಡ್ಸವ್ರೆ.”

ದೊಡ್ಡಣ್ಣ ಹೇಳಿದ್ದು: “ಮೈಗಳ್ಳ ಆಗವ್ನೆ ಮೇಡಂ. ಊಟ ಸರಿಯಾಗಿ ಮಾಡ್ತಾನೆ, ಮಾತು ಸರಿಯಾಗಿ ಆಡ್ತಾನೆ, ನಡೀತಾನೆ. ಕೆಲ್ಸ ಅಂದ್ರೆ ಮಾತ್ರ ಆಗಕಿಲ್ಲ. ಎಲ್ಲಾರೂ ಅಯ್ಯೋ ಪಾಪ ಅಂದು ಅಂದು ಕೆಡಿಸವ್ರೆ.”

ಮಗಳು 9ನೇ ಕ್ಲಾಸು. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, “ಫ್ರೆಂಡ್ಸ್ ಮನೆಗೆ ಬಂದಾಗ ಅಪ್ಪ ಕೆಟ್ಟ ಮಾತು ಬೈದ್ರು. ಟಿವಿ ಸೌಂಡು ಜಾಸ್ತಿ ಇತ್ತು ಅಷ್ಟೇ. ಈಗ ಯಾರನ್ನೂ ಕರೆಯಲ್ಲ” ಅಂದಳು.

ಅಕ್ಕ ಹೇಳಿದ್ದು ಒಂದು ಬೀಗರೂಟದ ಕಥೆ. ಮಂಡ್ಯದ ಬೀಗರೂಟ ಅಂದರೆ ಗೊತ್ತಲ್ಲ. ಶಾಮಿಯಾನ, ಮೈಕು, ಪಂಕ್ತಿ ಮೇಲೆ ಪಂಕ್ತಿ, ನೂರಾರು ಜನ ಒಟ್ಟಿಗೆ ಮಾತಾಡುವ ಸದ್ದು. ಅರ್ಧ ಗಂಟೆ ಅಣ್ಣ ಚೆನ್ನಾಗೇ ಇದ್ದರು. ಆಮೇಲೆ ಮುಖ ಬಿಗಿಯಾಯಿತು. ಪಕ್ಕದಲ್ಲಿ ಕೂತ ಅಕ್ಕನ ಸೋದರಮಾವನಿಗೆ, ಹಳೆಯ ಸಾಲದ ವಿಷಯ ಎತ್ತಿ, ಎಲೆಯ ಮುಂದೆಯೇ ಬಾಯಿಗೆ ಬಂದದ್ದು ಅಂದರು. ಮುದ್ದೆ ಮುರಿದಿದ್ದ ಮಾವ ಎದ್ದು ಹೋದರು. ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. “ಅವರು ಹಂಗೆ ಮಾತಾಡಿದ್ದು ನಾನು ಮದುವೆ ಆದಾಗಿನಿಂದ ಕೇಳಿರಲಿಲ್ಲ” ಅಂದರು ಅಕ್ಕ. ಅಣ್ಣನಿಗೆ ಮಾರನೇ ದಿನ ಅದು ದೊಡ್ಡ ವಿಷಯ ಅಂತಲೂ ಅನಿಸಿರಲಿಲ್ಲ.

ಕೊನೆಗೆ ಅಣ್ಣನನ್ನು ಕೇಳಿದೆ. ಏನು ತೊಂದರೆ ಅಣ್ಣ? “ನಂಗೇನೂ ಇಲ್ಲ ಮೇಡಂ. ಚೆನ್ನಾಗಿದ್ದೀನಿ. ಇವರೆಲ್ಲಾ ಯಾಕೋ ಬದಲಾಗಿದ್ದಾರೆ.”

ಈ ಕೊನೆಯ ಮಾತನ್ನು ಕೇಳಿ ದೊಡ್ಡಣ್ಣ ಸಿಟ್ಟಾಗಿದ್ದರು. ನನಗೆ ಅದು ಬೇರೆ ಥರ ಕೇಳಿಸಿತು. ತನ್ನ ಬದಲಾವಣೆಯನ್ನು ತಾನೇ ಗುರುತಿಸುವ ಕೆಲಸವೂ ಮಿದುಳಿನದ್ದೇ ಅಲ್ವಾ? ಆ ಕೆಲಸ ಮಾಡುವ ಜಾಗಕ್ಕೇ ಪೆಟ್ಟು ಬಿದ್ದಿದ್ದರೆ ಗುರುತಿಸುವುದು ಯಾರು? ಇದು ಸುಳ್ಳೂ ಅಲ್ಲ, ಹಠವೂ ಅಲ್ಲ. ಅವರಿಗೆ ಕಾಣುವುದೇ ಅಷ್ಟು.

ಬುರುಡೆಯ ಒಳಗೆ ಏನಾಗಿತ್ತು

ಎರಡನೇ ಭೇಟಿಗೆ ಒಂದು ಪಾತ್ರೆ ಗಿಣ್ಣು ಕೇಳಿದೆ. ಮನೆಯಲ್ಲಿ ಹಸು ಕರು ಹಾಕಿತ್ತು, ಹಾಗಾಗಿ ಸಿಕ್ಕಿತು. ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಪಾತ್ರೆಯನ್ನು ಜೋರಾಗಿ ತಳ್ಳಿ ತಟ್ಟನೆ ನಿಲ್ಲಿಸಿದೆ. ಪಾತ್ರೆ ನಿಂತಿತು. ಒಳಗಿನ ಗಿಣ್ಣು ಮುಂದಕ್ಕೆ ಹೋಗಿ ಅಂಚಿಗೆ ಬಡಿದು ಬಿರುಕು ಬಿಟ್ಟಿತು. ಮಿದುಳು ಸುಮಾರು 1.4 ಕಿಲೋ ತೂಗುತ್ತದೆ. ಮೆತ್ತಗಿರುತ್ತದೆ. ಬೈಕು ಬಡಿದು ತಲೆ ನಿಂತಾಗ ಒಳಗಿನ ಮಿದುಳು ನಿಲ್ಲುವುದಿಲ್ಲ.

ಬುರುಡೆಯ ಒಳಗೆ, ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲಿನ ಮೂಳೆ ನುಣುಪಾಗಿಲ್ಲ. ಏರುತಗ್ಗು ಇದೆ. ಮಿದುಳಿನ ಮುಂಭಾಗದ ಅಡಿ ಅದರ ಮೇಲೆ ಉಜ್ಜಿಕೊಂಡು ಜಜ್ಜಿಹೋಗುತ್ತದೆ. ಪೆಟ್ಟು ತಲೆಯ ಹಿಂಭಾಗಕ್ಕೆ ಬಿದ್ದರೂ ಎಷ್ಟೋ ಸಲ ಗಾಯ ಆಗುವುದು ಇಲ್ಲೇ. ಅದೇ ಜಾಗದಲ್ಲಿ ಜರಡಿಯಂತೆ ಸಣ್ಣ ತೂತುಗಳಿರುವ ಮೂಳೆ ಇದೆ. ಮೂಗಿನಿಂದ ವಾಸನೆ ಹೊತ್ತು ತರುವ ಕೂದಲಿಗಿಂತ ಸಣ್ಣ ನರಗಳು ಆ ತೂತುಗಳ ಮೂಲಕ ಮೇಲೆ ಹೋಗುತ್ತವೆ. ಮಿದುಳು ಜಾರಿದಾಗ ಅವು ತುಂಡಾಗುತ್ತವೆ.

ಆದ್ದರಿಂದ ಅಣ್ಣನ ಸಿಟ್ಟು, ಜಗಲಿ ಮೇಲೆ ಕೂತೇ ಇರುವುದು, ಸೀದ ಪಾಕ — ಈ ಮೂರೂ ಬೇರೆಬೇರೆ ವಿಷಯಗಳಲ್ಲ. ಒಂದೇ ಪೆಟ್ಟು, ಒಂದೇ ಜಾಗ. ಬಾಯಿಗೆ ಬಂದ ಮಾತನ್ನು ತಡೆದು ಹಿಡಿಯುವುದು ಮಿದುಳಿನ ಆ ಭಾಗ. ಒಂದು ಕೆಲಸವನ್ನು ಶುರು ಮಾಡಿಸುವುದೂ ಅದೇ ಮುಂಭಾಗ. ಸ್ನಾನ ಮಾಡಬೇಕು ಅಂತ ಅಣ್ಣನಿಗೆ ಗೊತ್ತು, ಮಾಡುವ ಮನಸ್ಸೂ ಇದೆ. ಎದ್ದು ಮೊದಲ ಹೆಜ್ಜೆ ಇಡಿಸುವ ಕೀಲಿ ತಿರುಗುವುದಿಲ್ಲ.

ದೊಡ್ಡಣ್ಣನ ಕಡೆ ತಿರುಗಿ ನಾನು ಹೇಳಿದ್ದು ಇಷ್ಟೇ: “ಅವರು ಮಾಡಲ್ಲ ಅಂತಿಲ್ಲ ಅಣ್ಣ. ಅವರಿಗೆ ಆಗಲ್ಲ.” ಅವರು ಏನೂ ಮಾತಾಡದೆ ಎದ್ದು ಹೋದರು.

ಅಣ್ಣನ ಮೂಗಿನ ಪರೀಕ್ಷೆ ಅಡುಗೆಮನೆಯಲ್ಲೇ ಮಾಡಿದೆವು. ಕಣ್ಣು ಮುಚ್ಚಿಸಿ ಕಾಫಿಪುಡಿ, ಬೆಳ್ಳುಳ್ಳಿ, ಕರ್ಪೂರ ಹಿಡಿದೆವು. ಒಂದೂ ಗೊತ್ತಾಗಲಿಲ್ಲ. ಕೊನೆಗೆ ಬೆಲ್ಲ ಹಿಡಿದಾಗ ಅಣ್ಣ ಕಣ್ಣು ಬಿಟ್ಟು ನೋಡಿದರು. “ಇದು ಬೆಲ್ಲವಾ?” ಎಂದು ಕೇಳಿದರು. ಆವತ್ತು ಮೊದಲ ಸಲ ಅವರ ಕಣ್ಣಲ್ಲಿ ನೀರು ಕಂಡೆ.

ಯಾಕೆಂದರೆ ಪಾಕದ ಹದ ನೋಡುವುದರಲ್ಲಿ ಅವರು ಸುತ್ತಲ ಹಳ್ಳಿಗೆಲ್ಲ ಹೆಸರಾಗಿದ್ದವರು. ಕಬ್ಬಿನ ಹಾಲು ಕುದ್ದು, ಮಡ್ಡಿ ತೆಗೆದು, ಗುಳ್ಳೆ ದಪ್ಪಗಾಗಿ, ಪಾಕ 118 ಡಿಗ್ರಿಯ ಆಸುಪಾಸಿಗೆ ಬಂದಾಗ ಕೊಪ್ಪರಿಗೆ ಇಳಿಸಬೇಕು. ಸ್ವಲ್ಪ ಮುಂಚೆ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ತಡ ಆದರೆ ಸೀಯುತ್ತದೆ. ಇವರು ಥರ್ಮಾಮೀಟರ್ ಮುಟ್ಟಿದವರಲ್ಲ. ಮೂಗು, ಕಣ್ಣು, ನೀರಿಗೆ ಹಾಕಿದ ಒಂದು ತೊಟ್ಟು ಪಾಕ. ಮೂರರಲ್ಲಿ ಒಂದು ಹೋಗಿತ್ತು. ಆ ಹೊತ್ತಿಗೇ ಗಾಣದ ಸದ್ದು, ಆಳುಗಳ ಕೂಗು ಸೇರಿ ತಲೆ ತುಂಬಿ, ಕಣ್ಣು ನೋಡುತ್ತಿದ್ದದ್ದೂ ಒಳಗೆ ಇಳಿಯುತ್ತಿರಲಿಲ್ಲ.

ನಾವು ಮಾಡಿದ್ದು, ನಾನು ತಪ್ಪಿದ್ದು

ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ನೆನಪು, ಗಮನ, ಯೋಚನೆಯ ಪರೀಕ್ಷೆ ಮಾಡಿಸುವುದು ಅಂತ ಆಯಿತು. ನಾನೇ ಬೆಳಗಿನ ರೈಲು ಹೇಳಿದೆ. ಖರ್ಚು ಕಡಿಮೆ ಅಂತ. ಅದು ನನ್ನ ತಪ್ಪು. ನಿಲ್ಲಲು ಜಾಗವಿಲ್ಲದ ಬೋಗಿ, ಆಮೇಲೆ ಸಾಲು, ಆಮೇಲೆ ಗಂಟೆಗಟ್ಟಲೆ ಪರೀಕ್ಷೆ. ವಾಪಸ್ ಬರುವಾಗ ಮದ್ದೂರಿನ ಹತ್ತಿರ ವಡೆ ಮಾರುವ ಹುಡುಗನ ಮೇಲೆ ಅಣ್ಣ ಕೈ ಎತ್ತಿದರು. ಅಕ್ಕ ಆ ಹುಡುಗನ ಕೈ ಹಿಡಿದು ಕ್ಷಮೆ ಕೇಳಿದರು. ಮಿದುಳಿಗೆ ಪೆಟ್ಟಾದವರ ದಣಿವು ಎಂಥದು ಅಂತ ಬೇರೆಯವರಿಗೆ ಪಾಠ ಹೇಳುವ ನಾನೇ ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಮುಂದಿನ ಸಲ ಹಿಂದಿನ ದಿನವೇ ಹೋಗಿ ಉಳಿದುಕೊಂಡರು.

ವರದಿ ಬಂತು. ಹಳೆಯ ನೆನಪು, ಲೆಕ್ಕ, ಮಾತು ಚೆನ್ನಾಗಿವೆ. ಗಮನವನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದು, ಯೋಜನೆ ಹಾಕುವುದು, ತಡೆದುಕೊಳ್ಳುವುದು ಬಹಳ ಕುಗ್ಗಿವೆ. ಆ ವರದಿ ಕೈಗೆ ಬಂದ ಮೇಲೆ ನಮಗೆ ದಾರಿ ಕಂಡಿತು.

ಮೊದಲು ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆವು. ಮಗಳೇ ಬರೆದಳು. 6 ಗಂಟೆ ಹಲ್ಲುಜ್ಜುವುದು, 6.15ಕ್ಕೆ ಸ್ನಾನ, ಹೀಗೆ ರಾತ್ರಿ ಮಾತ್ರೆಯವರೆಗೆ. ಪ್ರತಿ ಹೊತ್ತಿಗೂ ಅಣ್ಣನ ಮೊಬೈಲಿನಲ್ಲಿ ಅಲಾರಂ. ‘ಸ್ನಾನ ಮಾಡು’ ಅಂತ ನೂರು ಸಲ ಹೇಳುವ ಬದಲು ಅಕ್ಕ ಟವೆಲ್ ತಂದು ಕೈಗೆ ಕೊಡುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು. ಕೀಲಿಯನ್ನು ಹೊರಗಿನಿಂದ ತಿರುಗಿಸಿದ ಹಾಗೆ. ತಾಯಿ ಇದನ್ನು ನೋಡಿ, “ಟವಲ್ ಕೊಟ್ರೆ ಹೋಯ್ತಾನಲ್ಲ!” ಅಂತ ಬೆರಗಾದರು. ಮಾಟದ ಮಾತು ಆವತ್ತಿಂದ ಕಡಿಮೆ ಆಯಿತು.

ಒಂದು ಸಲಕ್ಕೆ ಒಬ್ಬರೇ ಮಾತಾಡುವುದು. ಊಟದ ಹೊತ್ತಲ್ಲಿ ಟಿವಿ ಬಂದ್. ಮಿಕ್ಸಿ ಹಾಕುವ ಮುಂಚೆ ಹೇಳುವುದು. ಮುಖ ಬಿಗಿಯಾದರೆ ವಾದ ಮಾಡದೆ, ‘ಹಿತ್ತಲಿಗೆ ಹೋಗಿ ಬನ್ನಿ’ ಅನ್ನುವುದು. ಸಿಟ್ಟು ಇಳಿದ ಮೇಲೂ ‘ಯಾಕೆ ಹಂಗೆ ಮಾಡಿದಿರಿ’ ಅಂತ ವಿಚಾರಣೆ ಬೇಡ. ‘ಇದು ನೆನಪಿದೆಯಾ, ಅದು ನೆನಪಿದೆಯಾ’ ಅಂತ ಬಂದ ನೆಂಟರೆಲ್ಲ ಪರೀಕ್ಷೆ ಮಾಡುವುದೂ ಬೇಡ. ಇದು ಜನ ಪ್ರೀತಿಯಿಂದಲೇ ಮಾಡುತ್ತಾರೆ. ಉತ್ತರ ಬರದಾಗ ಕೂತವರ ಮುಖ ನೋಡಿದರೆ ಸಾಕು, ಮತ್ತೆ ಯಾರೂ ಕೇಳಲಾರರು.

ದಣಿವಿಗೆ ಅಕ್ಕ ತಾವೇ ಒಂದು ಮಾತು ಹುಡುಕಿಕೊಂಡರು. ಕಬ್ಬು ಅರೆದ ಮೇಲೆ ಉಳಿಯುವ ರಚ್ಚನ್ನು ಒಣಗಿಸಿ ಒಲೆಗೆ ಹಾಕುತ್ತಾರಲ್ಲ. “ಮೊದಲು ಇವರಿಗೆ ದಿನಕ್ಕೆ ಒಂದು ಗಾಡಿ ರಚ್ಚು ಇತ್ತು. ಈಗ ಒಂದು ಹೊರೆ. ಮಾತಾಡಿದರೂ ಅದರಲ್ಲೇ ಖರ್ಚು, ಸದ್ದು ಕೇಳಿದರೂ ಅದರಲ್ಲೇ ಖರ್ಚು.” ಆಮೇಲೆ ಮನೆಯಲ್ಲಿ ಎಲ್ಲರೂ ‘ರಚ್ಚು ಮುಗೀತಾ?’ ಅಂತಲೇ ಕೇಳತೊಡಗಿದರು. ಅಣ್ಣನೂ ‘ಮುಗೀತು’ ಅಂದು ಒಳಗೆ ಹೋಗಿ ಮಲಗುತ್ತಿದ್ದರು. ನಾನು ಎಷ್ಟು ವಿವರಿಸಿದರೂ ಈ ಮಾತಿನಷ್ಟು ಕೆಲಸ ಆಗುತ್ತಿರಲಿಲ್ಲ.

ಕೆಲವು ಎಚ್ಚರಿಕೆಗಳು ಜೀವದ ಪ್ರಶ್ನೆ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇರುವುದಿಲ್ಲ. ಸೋರಿಕೆ ಗೊತ್ತಾಗಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆಯ ವಸ್ತು ಬೆರೆಸುತ್ತಾರೆ. ಅಣ್ಣನಿಗೆ ಆ ಎಚ್ಚರಿಕೆ ತಲುಪುವುದಿಲ್ಲ. ಆದ್ದರಿಂದ ಒಬ್ಬರೇ ಇರುವಾಗ ಒಲೆ ಹಚ್ಚುವ ಹಾಗಿಲ್ಲ. ಹಳಸಿದ ಸಾರನ್ನು ಅವರ ಮೂಗು ನಂಬಿ ಬಡಿಸುವ ಹಾಗಿಲ್ಲ. ಮನೆಗೆ ಬಂದ ಮೂರನೇ ತಿಂಗಳು ಒಂದು ಸಲ ಫಿಟ್ಸ್ ಬಂದಿತ್ತು. ಆಗ ಕೈಗೆ ಬೀಗದಕೈ ತುರುಕಿ, ಬಾಯಿಗೆ ಚಮಚ ಇಟ್ಟಿದ್ದರು. ಎರಡೂ ಬೇಡ. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಸುತ್ತ ಗಟ್ಟಿ ವಸ್ತು ಸರಿಸಿ, ಹೊತ್ತು ನೋಡಬೇಕು. 5 ನಿಮಿಷ ದಾಟಿದರೆ ಆಸ್ಪತ್ರೆ. ಹೆಂಡ ಪೂರ್ತಿ ಬಿಡಬೇಕು, ಪೆಟ್ಟಾದ ಮಿದುಳಿಗೆ ಅದು ಬೇಗ ಏರುತ್ತದೆ, ಫಿಟ್ಸ್ ಕರೆಯುತ್ತದೆ. ಬೈಕು ಬೇಡ, ಗಾಣದ ಹತ್ತಿರ ಕೆಲಸ ಬೇಡ. ಗಾಣದ ಮುಂದೆ ನಿಂತಾಗ ಫಿಟ್ಸ್ ಬಂದರೆ ಕೈ ಉಳಿಯುವುದಿಲ್ಲ.

ದೊಡ್ಡಣ್ಣ

ಅವರು ಬದಲಾದದ್ದು ನನ್ನ ಮಾತಿನಿಂದ ಅಂತ ಹೇಳಲಾರೆ. ಒಂದು ರಾತ್ರಿ ಆಲೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದಾಗ ಅವರಿಗೆ ಫಿನಿಯಾಸ್ ಗೇಜ್ ಕಥೆ ಹೇಳಿದೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗೆ ಬಂಡೆ ಒಡೆಸುತ್ತಿದ್ದ ಮೇಸ್ತ್ರಿ. ವಯಸ್ಸು 25. ಮದ್ದು ಸಿಡಿದು, ಮೀಟರಿಗಿಂತ ಉದ್ದದ, 6 ಕಿಲೋ ತೂಕದ ಕಬ್ಬಿಣದ ಸರಳು ಎಡಕೆನ್ನೆಯ ಕೆಳಗಿನಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿದ. ಆದರೆ ಸಿಡುಕ, ಬಾಯಿಬಡುಕ ಆದ. ಒಂದು ಕೆಲಸ ಹಿಡಿದು ಮುಗಿಸಲಾರದವನಾದ. ಇವನು ನಮ್ಮ ಗೇಜ್ ಅಲ್ಲ ಅಂದರು ಗೆಳೆಯರು.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ದೊಡ್ಡಣ್ಣ ನಿಲ್ಲಿಸಲು ಬಿಡಲಿಲ್ಲ. “ಆಮೇಲೆ ಅವನೇನಾದ?” ಅಂತ ಕೇಳಿದರು.

ಚಿಲಿ ದೇಶಕ್ಕೆ ಹೋದ, ಅಲ್ಲಿ ಸುಮಾರು 7 ವರ್ಷ ಕುದುರೆ ಸಾರೋಟು ಓಡಿಸಿದ ಅಂದೆ. ದಿನಾ ಅದೇ ದಾರಿ, ಅದೇ ಹೊತ್ತು, ಅದೇ ಕುದುರೆಗಳ ಆರೈಕೆ. 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ. ಆದರೆ ಅಷ್ಟು ವರ್ಷ ದುಡಿದು ತಿಂದ.

ದೊಡ್ಡಣ್ಣ ಒಲೆಗೆ ರಚ್ಚು ತಳ್ಳುತ್ತಾ ಬಹಳ ಹೊತ್ತು ಸುಮ್ಮನಿದ್ದರು. “ನಾನು ಹೊಡೆದಿದ್ದು ಅವನಿಗೆ ನೆನಪೈತಾ?” ಅಂತ ಕೇಳಿದರು. ಇದೆ ಅಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಮಾರನೇ ವಾರ ಅವರೇ ಅಣ್ಣನಿಗೆ ಒಂದು ಕೆಲಸ ಹುಡುಕಿದ್ದರು. ಪಾಕದ ಹೊಣೆ ಅಲ್ಲ. ಅಚ್ಚು ಬೆಲ್ಲ ಆರಿದ ಮೇಲೆ ಬಿಡಿಸಿ, ಎಣಿಸಿ, ಜೋಡಿಸುವುದು. ಬೆಳಗ್ಗೆ 7ರಿಂದ 10, ಗಾಣ ಶುರುವಾಗುವ ಮುಂಚೆ, ಆಲೆಮನೆ ತಣ್ಣಗಿರುವಾಗ. ಎಣಿಕೆ ತಪ್ಪದಿರಲಿ ಅಂತ ಹತ್ತಕ್ಕೊಂದು ಕಲ್ಲು ಇಡುವ ಏರ್ಪಾಡು ಅಣ್ಣನದೇ. ಕೊಪ್ಪರಿಗೆಗೆ ಥರ್ಮಾಮೀಟರ್ ಬಂತು. ಪಾಕದ ಹದ ಈಗ ದೊಡ್ಡಣ್ಣನ ಮಗ ಕಲಿಯುತ್ತಿದ್ದಾನೆ. ಗುಳ್ಳೆ ನೋಡುವುದನ್ನು ಕಲಿಸುವವರು ಅಣ್ಣ. ವಾಸನೆಯ ಪಾಠ ಮಾತ್ರ ಬಾಯಲ್ಲಿ ಹೇಳುತ್ತಾರೆ, ಹಳೆಯ ನೆನಪಿನಿಂದ.

ಅಕ್ಕ

ಈ ಪ್ರಕರಣದಲ್ಲಿ ನಾನು ಎಲ್ಲರಿಗಿಂತ ತಡವಾಗಿ ವಿಚಾರಿಸಿದ್ದು ಅಕ್ಕನನ್ನು. ಹೆಚ್ಚಿನ ಮನೆಗಳಲ್ಲಿ ಹೀಗೇ ಆಗುತ್ತದೆ, ನಮ್ಮಂಥವರಿಂದಲೂ. ಐದನೇ ಭೇಟಿಯಲ್ಲಿ ಬಸ್ ಸ್ಟಾಪಿನವರೆಗೂ ನನ್ನ ಜೊತೆ ಬಂದರು. “ಮೇಡಂ, ಅವರು ಸತ್ತಿದ್ದರೆ ಜನ ಬಂದು ಅಳುತ್ತಿದ್ದರು. ಈಗ ಎಲ್ಲರೂ ನನ್ನ ಪುಣ್ಯ ಅಂತಾರೆ. ಹೌದು, ಪುಣ್ಯವೇ. ಆದರೆ ನಾನು ಮದುವೆ ಆದವರು ಬರಲಿಲ್ಲ. ಅವರಿಗಾಗಿ ಯಾವಾಗ ಅಳಬೇಕು?” ಅಂದರು.

ಈ ದುಃಖಕ್ಕೆ ನಮ್ಮಲ್ಲಿ ಶಾಸ್ತ್ರವಿಲ್ಲ. ಹನ್ನೊಂದನೇ ದಿನವಿಲ್ಲ, ವರ್ಷಾಬ್ದಿಕವಿಲ್ಲ. ಮನುಷ್ಯ ಎದುರಿಗೇ ಕೂತು ಮುದ್ದೆ ಉಣ್ಣುತ್ತಿರುವಾಗ ಅವರಿಗಾಗಿ ಅಳುವುದು ಪಾಪ ಅಂತ ಅಕ್ಕನಿಗೆ ಅನಿಸಿತ್ತು. ಅದು ಪಾಪ ಅಲ್ಲ ಅಂತ ಹೇಳಿ, ಎರಡು ಬಸ್ ಬಿಟ್ಟು, ಅವರ ಜೊತೆ ಕೂತೆ.

ಇನ್ನೂ ಬಗೆಹರಿಯದ್ದು ಇದೆ. ಮೂಗು ಮರಳಿಲ್ಲ, ಇಷ್ಟು ದಿನದ ಮೇಲೆ ಮರಳುವ ಭರವಸೆ ಕಡಿಮೆ. ಸೋದರಮಾವನ ಮನೆಗೆ ಅಕ್ಕ ಎರಡು ಸಲ ಹೋಗಿ ವಿವರಿಸಿದ್ದಾರೆ, ಅವರಿನ್ನೂ ಬಂದಿಲ್ಲ. ಅಂಗವಿಕಲರ ಗುರುತಿನ ಚೀಟಿ ಸಿಕ್ಕಿಲ್ಲ. 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ತಲೆಪೆಟ್ಟಿನಿಂದ ಆದ ಮಿದುಳಿನ ಗಾಯಕ್ಕೆ ಅದರಲ್ಲಿ ಬೇರೆ ಸಾಲಿಲ್ಲ. ಕೈಕಾಲು ಬಿದ್ದಿದ್ದರೆ ಒಂದು ದಾರಿ. ಮಾತೇ ಕಳೆದುಹೋಗಿದ್ದರೆ, ವಾಕ್ ಮತ್ತು ಭಾಷೆಯ ತೊಂದರೆ ಎಂಬ ಇನ್ನೊಂದು ದಾರಿ. ಅಂಥವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಣ್ಣ ನಡೆಯುತ್ತಾರೆ, ಮಾತಾಡುತ್ತಾರೆ. ಆಗದಿರುವುದು ಶುರು ಮಾಡುವುದು ಮತ್ತು ತಡೆದುಕೊಳ್ಳುವುದು. ನಿಮ್ಹಾನ್ಸ್ ವರದಿ ಇಟ್ಟುಕೊಂಡು ಮತ್ತೆ ಅರ್ಜಿ ಹಾಕಿದ್ದೇವೆ.

ಹೋದ ಗೌರಿ ಹಬ್ಬಕ್ಕೆ ಅಕ್ಕ ಪಾಂಡವಪುರದ ಕಡೆಯ ತವರಿಗೆ ಹೋದರು. ಪೆಟ್ಟು ಬಿದ್ದ ಮೇಲೆ ಅದೇ ಮೊದಲು. ಎರಡು ದಿನ. “ಬೆಳಗ್ಗೆ ಒಂಬತ್ತರವರೆಗೂ ಮಲಗಿದ್ದೆ ಮೇಡಂ, ಯಾರೂ ಎಬ್ಬಿಸಲಿಲ್ಲ” ಅಂತ ಅಲ್ಲಿಂದ ಫೋನ್ ಮಾಡಿದರು. ಆ ಎರಡು ದಿನ ಅಣ್ಣನ ಜೊತೆ ದೊಡ್ಡಣ್ಣ ಇದ್ದರು. ಒಂದು ಸಲ ಅಣ್ಣ ರೇಗಿ ತಟ್ಟೆ ಎಸೆದಿದ್ದರು. ಒಂದು ಹೊತ್ತಿನ ಮಾತ್ರೆ ಅರ್ಧ ಗಂಟೆ ತಡವಾಗಿತ್ತು. ನಾನು ಹೋದಾಗ ದೊಡ್ಡಣ್ಣ ಗೋಡೆಯ ಹಾಳೆ ಬಿಚ್ಚಿ ತಂದು ಕೊಟ್ಟರು. ಎರಡನ್ನೂ ಅದರ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು, ಗಂಟೆ ಸಮೇತ. ತಟ್ಟೆಯ ಪಕ್ಕದಲ್ಲಿ ಇನ್ನೊಂದು ಸಾಲು ಇತ್ತು: ‘ಪಕ್ಕದ ಮನೇಲಿ ಪಟಾಕಿ ಹೊಡೀತಿದ್ರು.’